ಹಸುವಿನ ರಕ್ತದಲ್ಲಿ ವೇಷಧಾರಿ: ನಗಾನ ರೋಗದ ಕಥೆ

ದನದ ಕಾಯಿಲೆಗೂ ಎಂಜಿನಿಯರಿಂಗ್‌ಗೂ ಏನಪ್ಪಾ ಸಂಬಂಧ ಅಂತ ಕೇಳಬಹುದು. ಸ್ವಲ್ಪ ಓದಿ ನೋಡಿ, ನಾವು ಕ್ಲಾಸಲ್ಲಿ ಕಲಿಯೋ ಎಷ್ಟೋ ವಿಷಯ ಇದರಲ್ಲೇ ಸಿಗುತ್ತೆ.

ಫುಲಾನಿಗಳು ಪಶ್ಚಿಮ ಆಫ್ರಿಕಾದ ದನಗಾಹಿ ಜನ. ಮಳೆಗಾಲದಲ್ಲಿ ಅವರ ಮಂದೆಗಳು ಉತ್ತರದ ಸಾಹೆಲ್ ಹುಲ್ಲುಗಾವಲಿಗೆ ಹೋಗುತ್ತವೆ. ಬೇಸಿಗೆಯಲ್ಲಿ ಅಲ್ಲಿ ನೀರು ಬತ್ತಿದರೆ ದಕ್ಷಿಣಕ್ಕೆ ಇಳಿಯಲೇಬೇಕು. ಆದರೆ ಅಲ್ಲಿನ ಹೊಳೆದಂಡೆಯ ಪೊದೆಗಳಲ್ಲಿ ಸೆಟ್ಸಿ ನೊಣ ಕಾದಿರುತ್ತೆ. ಅದು ಕಚ್ಚಿದಾಗ ಟ್ರಿಪನೋಸೋಮ ಎಂಬ ಏಕಕೋಶ ಪರಾವಲಂಬಿ ಹಸುವಿನ ರಕ್ತ ಸೇರುತ್ತದೆ. ಇದೇ ನಗಾನ. ಬಿಟ್ಟು ಬಿಟ್ಟು ಜ್ವರ, ರಕ್ತಹೀನತೆ. ಮೇವು ತಿಂದರೂ ಹಸು ಸೊರಗುತ್ತೆ, ಹಾಲು ಇಳಿಯುತ್ತೆ, ಗಬ್ಬದ ಹಸು ಕಂದು ಹಾಕುತ್ತೆ. ಮಂದೆಯೇ ಆಸ್ತಿಯಾದ ಮನೆಗೆ ಇದು ಬ್ಯಾಂಕ್ ಖಾತೆ ಖಾಲಿಯಾದ ಹಾಗೆ.

ಲಸಿಕೆ ಯಾಕಿಲ್ಲ? ಈ ಜೀವಿಯ ಮೈಮೇಲೆ ಪ್ರೋಟೀನಿನ ಒಂದು ಹೊದಿಕೆ ಇದೆ. ಹಸುವಿನ ದೇಹ ಅದನ್ನು ಗುರುತಿಸಿ ಪ್ರತಿಕಾಯ ತಯಾರಿಸುತ್ತದೆ. ಬಹುಪಾಲು ಪರಾವಲಂಬಿಗಳು ಸಾಯುತ್ತವೆ. ಅಷ್ಟರಲ್ಲಿ ಕೆಲವು ಹೊದಿಕೆ ಬದಲಿಸಿಬಿಟ್ಟಿರುತ್ತವೆ. ಅವು ಹೆಚ್ಚಿದಾಗ ಮತ್ತೆ ಜ್ವರ. ಪಾಸ್‌ವರ್ಡ್ ಪತ್ತೆ ಮಾಡೋಷ್ಟರಲ್ಲಿ ಅದು ಬದಲಾದಂತೆ!

ಔಷಧಿ ಇದೆ: ಡೈಮಿನಾಜೀನ್, ಐಸೊಮೆಟಾಮಿಡಿಯಂ. ಎರಡೂ ದಶಕಗಳಷ್ಟು ಹಳೆಯವು. ತೂಕಕ್ಕೆ ತಕ್ಕ ಪ್ರಮಾಣ ಕೊಡದೆ ಕಡಿಮೆ ಚುಚ್ಚಿದರೆ, ಬದುಕುಳಿದ ಪರಾವಲಂಬಿಗಳಿಂದ ಔಷಧಿಗೆ ಬಗ್ಗದ ಪೀಳಿಗೆ ಹುಟ್ಟುತ್ತದೆ.

ತಳಿಯ ಆಯ್ಕೆಯಲ್ಲೂ ಟ್ರೇಡ್-ಆಫ್ ಇದೆ. ಹಿಣಿಲಿಲ್ಲದ, ಗಿಡ್ಡ ಎನ್'ಡಾಮ ದನ ಸೋಂಕು ತಗುಲಿದರೂ ತಡೆದುಕೊಳ್ಳುತ್ತೆ. ಹಿಣಿಲಿರುವ ಜೆಬು ದೊಡ್ಡದು, ಒಣ ನಾಡಿನ ದೂರದ ನಡಿಗೆಗೆ ಒಗ್ಗಿದ್ದು. ಆದರೆ ನಗಾನಕ್ಕೆ ಬೇಗ ಬೀಳುತ್ತೆ.

ಹಾಗಾದರೆ ನೊಣವನ್ನೇ ಹಿಡಿಯೋಣ. ಸೆಟ್ಸಿ ನೊಣಕ್ಕೆ ನೀಲಿ ಬಣ್ಣದ ಸೆಳೆತ ಜಾಸ್ತಿ. 1973ರಲ್ಲಿ ಶಾಲಿಯೆ ಮತ್ತು ಲವೆಸಿಯೆರ್ ಎರಡು ಶಂಕುಗಳನ್ನು ಜೋಡಿಸಿದ ಬಲೆಯೊಂದನ್ನು ವಿವರಿಸಿದರು; ಅದಕ್ಕೆ ನೀಲಿ ಬಟ್ಟೆ ಬಂದದ್ದು ಆಮೇಲೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಬಟ್ಟೆ, ಪರದೆ, ಒಂದು ಕೋಲು ಸಾಕು. ಹೆಣ್ಣು ನೊಣ ಒಂದು ಸಲಕ್ಕೆ ಒಂದೇ ಮರಿಹುಳು ಹಾಕುವುದರಿಂದ, ದಿನಕ್ಕೆ ಸ್ವಲ್ಪ ಸ್ವಲ್ಪ ಹಿಡಿದರೂ ಸಂಖ್ಯೆ ಕುಸಿಯುತ್ತೆ. ಸೆನೆಗಲ್‌ನ ನಿಯಾಯ್ ಪ್ರದೇಶದಲ್ಲಿ ಗಂಡು ನೊಣಗಳನ್ನು ವಿಕಿರಣದಿಂದ ಬಂಜೆ ಮಾಡಿ ಹಾರಿಬಿಟ್ಟದ್ದೂ ಇದೇ ಲೆಕ್ಕದ ಮೇಲೆ.

ನಮ್ಮಲ್ಲಿ ಸೆಟ್ಸಿ ಇಲ್ಲ. ಆದರೆ ನಗಾನದ ದಾಯಾದಿ ಸರ್ರಾ ರೋಗ ಭಾರತದಲ್ಲೂ ಇದೆ, ದನ ಕಚ್ಚುವ ನೊಣಗಳೇ ಅದನ್ನು ಹರಡುತ್ತವೆ. ಮುಂದಿನ ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ಆ ನೀಲಿ ಬಟ್ಟೆಯನ್ನು ನೆನಪಿಸಿಕೊಳ್ಳೋಣ: ಸೆನ್ಸರ್ ಹಾಕೋ ಮೊದಲು ನೊಣದ ಸ್ವಭಾವ ತಿಳಿದವರು ಗೆದ್ದರು.