ವಿದೇಶದಲ್ಲಿ ಎಂಬಿಬಿಎಸ್ ಮುಗಿಯಿತು, ಎಫ್‌ಎಂಜಿಇಗೆ ತಯಾರಿ ಹೇಗೆ?

ರಷ್ಯಾ, ಕಿರ್ಗಿಸ್ತಾನ, ಜಾರ್ಜಿಯಾ, ಫಿಲಿಪ್ಪೀನ್ಸ್, ಇವುಗಳಲ್ಲಿ ಎಲ್ಲಿ ಓದಿ ಬಂದಿದ್ದರೂ ಇಲ್ಲಿ ರೋಗಿಯ ನಾಡಿ ಹಿಡಿಯುವ ಮುನ್ನ ಎಫ್‌ಎಂಜಿಇ ಪರೀಕ್ಷೆ ದಾಟಬೇಕು. ಹುಡುಗರ ಬಾಯಲ್ಲಿ ಇದು ಸ್ಕ್ರೀನಿಂಗ್ ಟೆಸ್ಟ್. 2002ರಿಂದ ನಡೆದು ಬಂದಿರುವ ಈ ಪರೀಕ್ಷೆಯನ್ನು ದೆಹಲಿಯ ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಹಲವು ಸಲದ ಫಲಿತಾಂಶ ನೋಡಿದರೆ ಐದು ಜನರಲ್ಲಿ ಒಬ್ಬರು ಪಾಸಾಗಿದ್ದಾರೆ, ಅಷ್ಟೆ. ಇದನ್ನು ಕೇಳಿ ಮನೆಯವರು ಕಂಗಾಲಾಗುತ್ತಾರೆ. ಹುಡುಗರು ಅನಾಟಮಿಯ ಮೊದಲ ಪುಟದಿಂದ ಓದಲು ಕೂರುತ್ತಾರೆ. ಎಡವುವುದು ಅಲ್ಲೇ.

ನೀಟ್ ಪಿಜಿಯಲ್ಲಿ ರ‍್ಯಾಂಕ್ ಬೇಕು, ಇಲ್ಲಿ ಬೇಡ. 300ಕ್ಕೆ 150 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಇಷ್ಟೇ ಸಲ ಬರೆಯಬೇಕೆಂಬ ಮಿತಿಯೂ ಇಲ್ಲ. ತಯಾರಿಯ ಲೆಕ್ಕವೆಲ್ಲ ಇದರ ಮೇಲೆ ನಿಲ್ಲಬೇಕು.

ಮೊದಲು ಕಾಗದ ಪತ್ರ

ಪುಸ್ತಕಕ್ಕಿಂತ ಮೊದಲು ಫೈಲು ತೆರೆಯಿರಿ. ಓದಿಕೊಂಡಿದ್ದೂ ಅರ್ಜಿ ತಿರಸ್ಕೃತವಾಗಿ ಆರು ತಿಂಗಳು ಕಳೆದುಕೊಳ್ಳುವವರಿದ್ದಾರೆ. ನೀಟ್ ಅರ್ಹತೆಯ ದಾಖಲೆ, ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ, ಅಂಕಪಟ್ಟಿ, ಜೊತೆಗೆ ಪದವಿಗೆ ಆ ದೇಶದ ಅಪೊಸ್ಟೀಲ್ ಮುದ್ರೆ ಅಥವಾ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕು. ಮುದ್ರೆ ಒತ್ತಿಸದೆ ವಿಮಾನ ಹತ್ತಿದರೆ ಆಮೇಲೆ ಏಜೆಂಟರ ಕೈಕಾಲು ಹಿಡಿಯಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಹೆಸರಿನದೊಂದು ಪ್ರತ್ಯೇಕ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಹರ್ಷ ಬಿ.' ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಆ 'ಬಿ' ಬಿಡಿಸಿಕೊಂಡು ಬಸವರಾಜ ಆಗಿರುತ್ತದೆ. ರಷ್ಯನ್ ಭಾಷೆಯಲ್ಲಿ ನಮ್ಮ ಹಕಾರ ಇಲ್ಲದ್ದರಿಂದ ಡಿಪ್ಲೊಮಾ ಆ ಭಾಷೆಗೆ ಹೋಗಿ ಇಂಗ್ಲಿಷಿಗೆ ಮರಳುವಾಗ ಹರ್ಷ 'ಖರ್ಷ' ಆಗುವುದುಂಟು. ಕಾಲೇಜು ಬಿಡುವ ಮೊದಲೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ, ತಿದ್ದಿಸಿಕೊಳ್ಳಿ. ಊರಿಗೆ ಬಂದಾಗಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

2021ರ ನವೆಂಬರ್ 18ರ ನಂತರ ವಿದೇಶದಲ್ಲಿ ಸೇರಿದವರಿಗೆ ಹೊಸ ನಿಯಮ ಅನ್ವಯ. ಕನಿಷ್ಠ 54 ತಿಂಗಳ ಕೋರ್ಸ್ ಇಂಗ್ಲಿಷ್ ಮಾಧ್ಯಮದಲ್ಲಿ ಆಗಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿದಿರಬೇಕು. ಓದಿದ ದೇಶದಲ್ಲಿ ವೈದ್ಯರಾಗಿ ನೋಂದಣಿ ಪಡೆಯುವ ಅರ್ಹತೆ ಇರಬೇಕು. ಮಗಳನ್ನೋ ಮಗನನ್ನೋ ಈಗ ಕಳಿಸಲು ಹೊರಟಿರುವ ತಂದೆತಾಯಿ ಏಜೆಂಟರ ಬಣ್ಣದ ಪುಸ್ತಿಕೆ ಮುಚ್ಚಿಟ್ಟು ಈ ಮೂರನ್ನು ಕೇಳಬೇಕು.

ಅಂಕ ಎಲ್ಲಿದೆ ಎಂದು ನೋಡಿ

ಕಮ್ಯುನಿಟಿ ಮೆಡಿಸಿನ್‌ಗೆ 30, ಸ್ತ್ರೀರೋಗ ಮತ್ತು ಪ್ರಸೂತಿಗೆ 30. ಕಣ್ಣು, ಇಎನ್‌ಟಿ, ಮಕ್ಕಳ ವಿಭಾಗ ತಲಾ 15. ಫೊರೆನ್ಸಿಕ್ 10. ಪೆಥಾಲಜಿ, ಮೈಕ್ರೊಬಯಾಲಜಿ, ಫಾರ್ಮಕಾಲಜಿ ತಲಾ 13. ಕೂಡಿದರೆ 154. ಉಳಿದ 146ರಲ್ಲಿ ಜನರಲ್ ಮೆಡಿಸಿನ್ 33, ಸರ್ಜರಿ 32, ಅನಾಟಮಿ, ಫಿಸಿಯಾಲಜಿ, ಬಯೊಕೆಮಿಸ್ಟ್ರಿ ತಲಾ 17. ಮನೋರೋಗ, ಚರ್ಮರೋಗ, ಮೂಳೆ, ಅರಿವಳಿಕೆ, ರೇಡಿಯಾಲಜಿ, ರೇಡಿಯೊಥೆರಪಿಗೆ ತಲಾ 5.

ಮೊದಲಿನ 154ರಲ್ಲಿ ನೂರು ಸರಿಯಾದರೆ, ಉಳಿದ 146ರಲ್ಲಿ ಐವತ್ತು ಸಾಕು, ಅಂದರೆ ಮೂರಕ್ಕೆ ಒಂದು. ಇಎನ್‌ಟಿ, ಕಣ್ಣು, ಫೊರೆನ್ಸಿಕ್ ಸಣ್ಣ ವಿಷಯಗಳು. ಬೇಗ ಮುಗಿಯುತ್ತವೆ, ಮೂರೂ ಸೇರಿ 40 ಅಂಕ. ಅನಾಟಮಿ ಸಮುದ್ರ, ಸಿಗುವುದು 17. ಆರು ತಿಂಗಳ ಸಮಯವಿದ್ದವರು ಮೊದಲ ಮೂರೂವರೆ ತಿಂಗಳನ್ನು 154ರ ಗುಂಪಿಗೂ ಮೆಡಿಸಿನ್, ಸರ್ಜರಿಗೂ ಕೊಟ್ಟು, ಅನಾಟಮಿ, ಬಯೊಕೆಮಿಸ್ಟ್ರಿಯಲ್ಲಿ ಪದೇ ಪದೇ ಕೇಳುವುದನ್ನಷ್ಟೇ ಆರಿಸಿಕೊಂಡು ಓದುವುದು ಲೇಸು. ಕಡೆಯ ಎರಡು ತಿಂಗಳು ಪುನರಾವರ್ತನೆಗೆ, ಮಾಕ್ ಟೆಸ್ಟಿಗೆ ಮೀಸಲು. ಆಗ ಹೊಸ ನೋಟ್ಸ್ ಮುಟ್ಟಬೇಡಿ.

ಅಲ್ಲಿ ನೋಡದ್ದನ್ನು ಇಲ್ಲಿ ನೋಡಿ

ಪಾಠ ಇಂಗ್ಲಿಷಿನಲ್ಲೇ ನಡೆದಿದ್ದರೂ ವಾರ್ಡಿನಲ್ಲಿ ಮಲಗಿದ್ದ ರೋಗಿ ಮಾತನಾಡುತ್ತಿದ್ದುದು ರಷ್ಯನ್ನೋ ಜಾರ್ಜಿಯನ್ನೋ. ಎಷ್ಟೋ ಮಂದಿಗೆ ರೋಗಿಯ ಕಥೆ ಕೇಳಿ ರೋಗ ಗುರುತಿಸುವ ಅಭ್ಯಾಸವೇ ಆಗಿರುವುದಿಲ್ಲ. ಅದೂ ಅಲ್ಲದೆ ಪರೀಕ್ಷೆ ಕೇಳುವುದು ಭಾರತದ ಕಾಯಿಲೆ, ಭಾರತದ ಕಾನೂನು, ಭಾರತದ ಲಸಿಕೆ ಪಟ್ಟಿ. ನನ್ನ ಪ್ರಕಾರ ಇಷ್ಟು ಮಂದಿ ಫೇಲಾಗಲು ಬುದ್ಧಿಗಿಂತ ಈ ಅಂತರವೇ ದೊಡ್ಡ ಕಾರಣ. ಕೋಚಿಂಗ್ ಎಂದರೆ ದೆಹಲಿಯ ಗೌತಮ್ ನಗರ ಎಂದು ಓಡುವವರು ತಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಕಡೆ ತಿರುಗಿಯೂ ನೋಡುವುದಿಲ್ಲ.

ಲಸಿಕೆ ಪಟ್ಟಿ ಬಾಯಿಪಾಠವಾಗುತ್ತಿಲ್ಲವೇ? ಅಕ್ಕನದೋ ಪಕ್ಕದ ಮನೆಯವರದೋ ತಾಯಿ ಕಾರ್ಡ್ ಕೇಳಿ ಪಡೆಯಿರಿ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. 6, 10, 14ನೇ ವಾರ ಪೆಂಟಾವೇಲೆಂಟ್. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಯಾವ ಮಗುವಿಗೆ ಯಾವುದು ತಪ್ಪಿದೆ, ಈಗ ಏನು ಕೊಡಬೇಕು ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಪರೀಕ್ಷೆಯಲ್ಲೂ ಪ್ರಶ್ನೆ ಇದೇ ರೂಪದಲ್ಲಿ ಬರಬಹುದು.

ಹಾವು ಕಡಿತವೂ ಹಾಗೆಯೇ. ನಾಗರಹಾವು, ಕಟ್ಟುಹಾವು ಕಡಿದರೆ ರೆಪ್ಪೆ ಜೋತುಬಿದ್ದು ಉಸಿರು ಕಟ್ಟುತ್ತದೆ. ಕೊಳಕುಮಂಡಲ, ಗರಗಸಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷ ಕಾಯುವ ಪರೀಕ್ಷೆ ಅದಕ್ಕೇ ಇರುವುದು. ಕೀಟನಾಶಕ ಕುಡಿದು ಬಂದವರಿಗೆ ಅಟ್ರೊಪಿನ್ ಕೊಡುವ ಕ್ರಮ ಕಲಿಯಲು ನಮ್ಮ ಜಿಲ್ಲಾಸ್ಪತ್ರೆಗಿಂತ ಒಳ್ಳೆಯ ಜಾಗ ಸಿಗಲಾರದು. ಮಂಗನ ಕಾಯಿಲೆಯಂತೂ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಪತ್ತೆಯಾದದ್ದು. ಉಣುಗು ಕಡಿಸಿಕೊಂಡು ಬೆಳೆದ ಮಲೆನಾಡಿನ ಹುಡುಗ ಅದರ ವಾಹಕ ಸೊಳ್ಳೆ ಎಂದು ಗುರುತು ಹಾಕಿ ಬಂದರೆ ಏನು ಹೇಳೋಣ!

ಫೊರೆನ್ಸಿಕ್‌ನಲ್ಲಿ ಹಳೆ ನೋಟ್ಸ್ ನೆಚ್ಚಿಕೊಳ್ಳಬೇಡಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಗರ್ಭಪಾತದ ಕಾಯ್ದೆಗೂ 2021ರಲ್ಲಿ ತಿದ್ದುಪಡಿಯಾಗಿದೆ.

ಪರೀಕ್ಷೆಯ ದಿನ

ಒಂದೇ ದಿನ ಎರಡು ಭಾಗ. ತಲಾ 150 ಪ್ರಶ್ನೆ, 150 ನಿಮಿಷ, ಪ್ರಶ್ನೆಗೊಂದು ನಿಮಿಷ. ಮನೆಯಲ್ಲಿ ಮಾಕ್ ಟೆಸ್ಟ್ ಬರೆಯುವಾಗಲೂ ಎರಡೂ ಭಾಗವನ್ನು ಒಂದೇ ದಿನ ಬರೆದು ರೂಢಿಸಿಕೊಳ್ಳಿ; ಮಧ್ಯಾಹ್ನದ ಊಟದ ನಂತರದ ತೂಕಡಿಕೆಗೆ ಹೋಗುವ ಅಂಕ ಕಡಿಮೆಯೇನಲ್ಲ. ಮಂಡಳಿ ಪ್ರಶ್ನೆಪತ್ರಿಕೆ ಹೊರಗೆ ಬಿಡುವುದಿಲ್ಲ. ರೀಕಾಲ್ ಹೆಸರಿನಲ್ಲಿ ಸಿಗುವುದು ಬರೆದವರು ನೆನಪಿನಿಂದ ಹೇಳಿದ್ದು. ಯಾವ ವಿಷಯದಿಂದ ಹೆಚ್ಚು ಕೇಳುತ್ತಾರೆಂದು ತಿಳಿಯಲು ಅದು ಸಾಕು, ಅದರಲ್ಲಿನ ಉತ್ತರ ನಂಬಬೇಡಿ. ಗೊತ್ತಿಲ್ಲದ ಪ್ರಶ್ನೆಗೂ ಒಂದು ಗುರುತು ಹಾಕದೆ ಏಳಬೇಡಿ.

ಪಾಸಾದ ಮೇಲೆ

ಮಂಡಳಿಯಿಂದ ಪಾಸ್ ಪ್ರಮಾಣಪತ್ರ ಪಡೆದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ನಂತರ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ 12 ತಿಂಗಳ ಹೌಸ್ ಸರ್ಜನ್ಸಿ, ಆಮೇಲೆ ಕಾಯಂ ನೋಂದಣಿ. ಕೋವಿಡ್ ಅಥವಾ ಯುದ್ಧದ ಕಾಲದಲ್ಲಿ ಆನ್‌ಲೈನ್ ತರಗತಿ ಕೇಳಿದವರು ಆ ಅವಧಿಯ ಪ್ರಾಯೋಗಿಕ ತರಬೇತಿಯನ್ನು ಎಲ್ಲಿ, ಎಷ್ಟು ದಿನ ತುಂಬಿಕೊಡಬೇಕೆಂದು ಪರಿಷತ್ತಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಹೌಸ್ ಸರ್ಜನ್ಸಿಗೆಂದು ಕಾಲೇಜಿನವರು ಹಣ ಕೇಳಿದರೆ ಕೊಡಬೇಡಿ. ವಿದೇಶದಲ್ಲಿ ಓದಿ ಬಂದವರಿಂದ ಶುಲ್ಕ ಪಡೆಯಬಾರದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸುತ್ತೋಲೆ ಹೊರಡಿಸಿದೆ.

ಇನ್ನೊಂದು ಮಾತು. ಪರೀಕ್ಷೆಗೆ ಓದುತ್ತಿರುವವರನ್ನು ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಎಂದು ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳಲು ನೋಡುವ ನರ್ಸಿಂಗ್ ಹೋಮ್‌ಗಳಿವೆ. ಅನುಭವ ಸಿಗುತ್ತದೆ, ಕೈಗೆ ನಾಲ್ಕು ಕಾಸೂ ಬರುತ್ತದೆ ಎಂದು ಒಪ್ಪಿಕೊಳ್ಳಬೇಡಿ. ಮಾವನ ಕ್ಲಿನಿಕ್ಕಾದರೂ ಅಷ್ಟೆ. ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.