ದೂರದ ಮಗುವಿನ ಹಕ್ಕು

ನೆರೆಮನೆಯ ಅನಾಥ ಮಗು ಹರಕು ಬಟ್ಟೆಯಲ್ಲಿರುವಾಗ ನಮ್ಮ ಮಕ್ಕಳಿಗೆ ಈದ್‌ನ ಹೊಸ ಉಡುಪು ತೊಡಿಸಲು ಮನಸ್ಸು ಒಪ್ಪುವುದಿಲ್ಲ. ಕಣ್ಣೆದುರಿನ ಕಷ್ಟಕ್ಕೆ ಹೃದಯ ಬೇಗನೆ ಕರಗುತ್ತದೆ. ಆದರೆ ಸಾವಿರಾರು ಮೈಲು ದೂರದಲ್ಲಿ, ನಮಗೆ ತಿಳಿಯದ ಭಾಷೆಯಾಡುವ, ಕಾಲು ಕಳೆದುಕೊಂಡ ಮಗುವಿಗೂ ನಮ್ಮ ಸಂಪತ್ತಿನಲ್ಲಿ ಪಾಲಿದೆಯೇ? ವಿಶ್ವಾಸಿಯ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆಯೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ (51:19). ಹಕ್ಕು ಎಂದ ಮೇಲೆ ಅದು ನಮ್ಮ ಔದಾರ್ಯವಲ್ಲ, ನಾವು ಸಲ್ಲಿಸಬೇಕಾದ ಬಾಧ್ಯತೆ.

ಅಫ್ಘಾನಿಸ್ತಾನವನ್ನು ನೋಡಿರಿ. 1979ರಲ್ಲಿ ಸೋವಿಯತ್ ಸೇನೆ ಅಲ್ಲಿಗೆ ಪ್ರವೇಶಿಸಿತು, 1989ರಲ್ಲಿ ಹಿಂದೆ ಸರಿಯಿತು. ಆ ಬಳಿಕವೂ ಯುದ್ಧಗಳು ನಿಲ್ಲಲಿಲ್ಲ. ನೆಲದಲ್ಲಿ ಹುದುಗಿದ ಮದ್ದುಗುಂಡುಗಳಿಗೆ ಸಂಧಾನದ ಅರಿವಿಲ್ಲ. ಕುರಿ ಮೇಯಿಸಲು, ಸೌದೆ ಆರಿಸಲು ಹೋದ ಮಕ್ಕಳು ಅವುಗಳಿಗೆ ಬಲಿಯಾದರು. ಭಾರತವು 2014ರಲ್ಲಿ ಪೋಲಿಯೋಮುಕ್ತವೆಂದು ಘೋಷಿಸಲ್ಪಟ್ಟರೂ ಆ ರೋಗ ಅಲ್ಲಿಂದ ಇನ್ನೂ ತೊಲಗಿಲ್ಲ.

ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು 1988ರಲ್ಲಿ ಕಾಬೂಲಿನಲ್ಲಿ ಕೃತಕ ಅಂಗಗಳ ಕೇಂದ್ರವೊಂದನ್ನು ತೆರೆಯಿತು. ಮುಂದೆ ಇತರ ನಗರಗಳಿಗೂ ಹಬ್ಬಿದ ಈ ಸೇವೆಯಿಂದ 2 ಲಕ್ಷಕ್ಕೂ ಹೆಚ್ಚು ಮಂದಿ ನೆರವು ಪಡೆದಿದ್ದಾರೆ. 1990ರಲ್ಲಿ ಅಲ್ಲಿಗೆ ಬಂದ ಇಟಲಿಯ ಆಲ್ಬರ್ಟೊ ಕೈರೊ ಎಂಬವರು ದಶಕಗಳ ಕಾಲ ಅದನ್ನು ಮುನ್ನಡೆಸಿದರು. ಕೃತಕ ಕಾಲು ತಯಾರಿಸುವವರು, ನಡೆಯಲು ಕಲಿಸುವವರು ಬಹುತೇಕ ಸ್ವತಃ ಅಂಗವಿಕಲರೇ ಆಗಿರುವುದು ಆ ಕೇಂದ್ರದ ವೈಶಿಷ್ಟ್ಯ.

ಇದರಲ್ಲಿ ನಮಗೆ ಪರಿಚಿತವಾದ ಪಾಠವಿದೆ. ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರ ವಿಷಯದಲ್ಲಿ ಸೂರಃ ಅಬಸದ ಆರಂಭದ ಸೂಕ್ತಗಳು ಅವತೀರ್ಣಗೊಂಡವು. ಪ್ರವಾದಿವರ್ಯರು(ಸ) ಅವರನ್ನು ಕೇವಲ ಕನಿಕರದಿಂದ ಕಾಣಲಿಲ್ಲ. ಮದೀನಾದಲ್ಲಿ ಅವರಿಗೆ ಅದಾನ್ ಕರೆಯುವ ಹೊಣೆ ನೀಡಿದರು. ತಾವು ಹೊರಟಾಗ ನಗರದ ಉಸ್ತುವಾರಿಯನ್ನೂ ವಹಿಸಿದರು. ದುರ್ಬಲನನ್ನು ಎತ್ತಿ ನಿಲ್ಲಿಸುವುದೆಂದರೆ ಇದು.

ಇನ್ನೊಂದು ವಿಷಯವನ್ನು ಗಮನಿಸಿರಿ. ವಯಸ್ಕನಿಗೆ ಜೋಡಿಸಿದ ಕೃತಕ ಕಾಲು ಕೆಲವು ವರ್ಷ ಬಾಳುತ್ತದೆ. ಆದರೆ ಮಗು ಬೆಳೆಯುತ್ತದೆ, ಕೃತಕ ಕಾಲು ಬೆಳೆಯುವುದಿಲ್ಲ. ವರ್ಷಕ್ಕೊಮ್ಮೆ ಬದಲಿಸಿದರೂ 6ರ ಹರೆಯದ ಮಗುವಿಗೆ 18 ತುಂಬುವಷ್ಟರಲ್ಲಿ ಹನ್ನೆರಡು ಬಾರಿ ಬದಲಿಸಬೇಕು. ಸೊಟ್ಟ ಪಾದದೊಂದಿಗೆ ಹುಟ್ಟಿದ ಶಿಶುವಿಗೆ ವಾರವಾರವೂ ಪ್ಲಾಸ್ಟರ್ ಬದಲಿಸಿ, ನಂತರ ಸುಮಾರು ನಾಲ್ಕು ವರ್ಷ ತುಂಬುವ ತನಕ ರಾತ್ರಿ ಪಟ್ಟಿ ಕಟ್ಟಬೇಕು. ರಮಝಾನಿನ ಒಂದು ಭಾವುಕ ರಾತ್ರಿಯ ದೊಡ್ಡ ದಾನದಿಂದ ಇದು ನೆರವೇರದು. ಅಲ್ಪವಾದರೂ ನಿರಂತರವಾಗಿರುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದರ ಮರ್ಮ ಇಲ್ಲಿ ಮನದಟ್ಟಾಗುತ್ತದೆ.

ಹಾಗೆಂದು ಸಮೀಪದವರನ್ನು ಮರೆಯುವಂತಿಲ್ಲ. ಝಕಾತ್‌ನ ಮೊದಲ ಹಕ್ಕುದಾರರು ಊರಿನವರೇ. ಅದನ್ನು ಬೇರೆಡೆಗೆ ಕಳುಹಿಸಬಾರದೆಂಬುದು ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಹೆಚ್ಚು ಅಗತ್ಯವಿರುವಲ್ಲಿಗೆ ಕಳುಹಿಸಲು ಹನಫೀ ವಿದ್ವಾಂಸರು ಅವಕಾಶ ನೀಡಿದ್ದಾರೆ. ನಿಮ್ಮ ಉಲಮಾಗಳಲ್ಲಿ ಕೇಳಿ ತಿಳಿಯಿರಿ. ಐಚ್ಛಿಕ ಸದಕಃಕ್ಕೆ ಮಾತ್ರ ಇಂತಹ ಗಡಿಯಿಲ್ಲ.

ಕೊಡುವಾಗ ವಿವೇಕವೂ ಬೇಕು. ಹಣ ಸಂಗ್ರಹಿಸುವವರಲ್ಲಿ ಲೆಕ್ಕಪತ್ರ ಕೇಳುವುದು ಅವಿಶ್ವಾಸವಲ್ಲ, ಅಮಾನತ್ತಿನ ರಕ್ಷಣೆ. ಕಾನೂನುಬದ್ಧ ಮಾರ್ಗದಿಂದಲೇ ಕಳುಹಿಸಿರಿ. ಕೊಟ್ಟ ಗಾಲಿಕುರ್ಚಿಯನ್ನು ಅಲ್ಲಿಯೇ ದುರಸ್ತಿ ಮಾಡುವವರಿದ್ದಾರೆಯೇ ಎಂದು ವಿಚಾರಿಸಿರಿ. ನೆಲಕ್ಕೆ ಹೊಂದುವ ನೆರವೇ ಬಾಳುತ್ತದೆ. 1968ರಲ್ಲಿ ನಮ್ಮ ದೇಶದಲ್ಲೇ ರೂಪುಗೊಂಡ ಜೈಪುರ ಕಾಲನ್ನು ಧರಿಸಿದವರು ಬರಿಗಾಲಲ್ಲಿ ನಡೆಯಬಲ್ಲರು, ನೆಲದ ಮೇಲೆ ಕುಳಿತುಕೊಳ್ಳಬಲ್ಲರು. ಆದ್ದರಿಂದಲೇ ಅದು ಅಫ್ಘಾನಿಸ್ತಾನವೂ ಸೇರಿದಂತೆ ಹಲವು ದೇಶಗಳ ಬಡವರಿಗೆ ಉಪಯುಕ್ತವಾಯಿತು.

ಎಲ್ಲಕ್ಕೂ ಮಿಗಿಲಾಗಿ, ಆ ಮಗುವಿನ ಮಾನವನ್ನು ಕಾಪಾಡಿರಿ. ಉಪಕಾರವನ್ನು ಎತ್ತಿ ಹೇಳಿ ನೋಯಿಸಿದರೆ ದಾನವೇ ವ್ಯರ್ಥವೆಂದು ಕುರ್‌ಆನ್ ಎಚ್ಚರಿಸಿದೆ (2:264). ಅಳುವ ಮಗುವಿನ ಚಿತ್ರವನ್ನು ಊರೆಲ್ಲ ತೋರಿಸಿ ಹಣ ಕೂಡಿಸುವುದೂ ಒಂದು ನೋವೇ ಅಲ್ಲವೇ? ನಿಮ್ಮ ಮಗುವಿನ ಚಿತ್ರವನ್ನು ಯಾರಾದರೂ ಹಾಗೆ ತೋರಿಸಿದರೆ ನೀವು ಸಹಿಸುವಿರಾ?

ಮನೆಯಲ್ಲೊಂದು ಡಬ್ಬಿಯಿಡಿರಿ. ತಿಂಗಳಿಗಿಷ್ಟೆಂದು ಸಂಕಲ್ಪ ಮಾಡಿರಿ. ಮಕ್ಕಳ ಕೈಯಿಂದಲೇ ಅದಕ್ಕೆ ಹಾಕಿಸಿರಿ. ಕಾಣದ ಗೆಳೆಯನೊಬ್ಬನಿಗೂ ತಮ್ಮ ತಿಂಡಿಯ ಕಾಸಿನಲ್ಲಿ ಹಕ್ಕಿದೆಯೆಂದು ಅವರು ಅರಿಯಲಿ. ಕೊಟ್ಟವನನ್ನು ಆ ಮಗು ಅರಿಯದು, ಅಲ್ಲಾಹನು ಅರಿಯುವನು. ಅವನು ನಮ್ಮೆಲ್ಲರಿಂದ ಸ್ವೀಕರಿಸಲಿ, ಆಮೀನ್.