ಠೇವಣಿ ಇಡುವ ಮುನ್ನ ಬೋರ್ಡು ಓದಿ

ಹೊಳೆಬಾಗಿಲಿನಲ್ಲಿ ನಿಂತರೆ ಸರ್ಕಾರದ ಹಂತಗಳು ಕಣ್ಣಿಗೇ ಕಾಣುತ್ತವೆ. ಲಾಂಚ್ ರಾಜ್ಯದ ಒಳನಾಡು ಜಲಸಾರಿಗೆ ಇಲಾಖೆಯದು. 2025ರ ಜುಲೈ 14ರಂದು ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಕೇಂದ್ರದ ಹೆದ್ದಾರಿ ಸಚಿವಾಲಯ ಕಟ್ಟಿಸಿದ್ದು. ಆಚೆ ದಡದ ತುಮರಿಯಲ್ಲಿ ಬೀದಿದೀಪ ನೋಡಿಕೊಳ್ಳುವುದು ಗ್ರಾಮ ಪಂಚಾಯ್ತಿ. ದೀಪ ಕೆಟ್ಟಿತೆಂದು ಯಾರೂ ದೆಹಲಿಗೆ ಅರ್ಜಿ ಬರೆಯುವುದಿಲ್ಲ. ಆದರೆ ಇಟ್ಟ ಹಣ ಸಿಕ್ಕಿಬಿದ್ದಾಗ ಮಾತ್ರ ನಮ್ಮ ಕಡೆಯವರು ಮೊದಲು ಹೋಗುವುದು ಪಂಚಾಯ್ತಿ ಅಧ್ಯಕ್ಷರ ಮನೆಗೆ, ಆಮೇಲೆ ಶಾಸಕರ ಕಚೇರಿಗೆ. ಪಂಚಾಯ್ತಿಗೆ ಠೇವಣಿಯ ಮೇಲೆ ಯಾವ ಅಧಿಕಾರವೂ ಇಲ್ಲ. ಹಣ ಇಟ್ಟ ಸಂಸ್ಥೆ ಯಾವ ಕಾನೂನಿನಡಿ ನೋಂದಣಿಯಾಗಿದೆ ಎಂಬುದರ ಮೇಲೆ ದೂರಿನ ದಾರಿ ನಿಂತಿದೆ. ಬಡ್ಡಿ ಎಷ್ಟು ಎನ್ನುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಬ್ಯಾಂಕಿಂಗ್ ಮತ್ತು ಅಂಚೆ ಉಳಿತಾಯ ಕೇಂದ್ರದ ಪಟ್ಟಿಯಲ್ಲಿವೆ, ಸಹಕಾರ ಸಂಘಗಳು ರಾಜ್ಯದ ಪಟ್ಟಿಯಲ್ಲಿವೆ. ಮಲೆನಾಡಿನ ಉಳಿತಾಯದ ದೊಡ್ಡ ಪಾಲು ಈ ಎರಡನೆಯದರಲ್ಲೇ ಇರುವುದರಿಂದ ಅಲ್ಲಿಂದಲೇ ಶುರುಮಾಡೋಣ.

ನಿಮ್ಮ ಠೇವಣಿ ರಸೀದಿಯನ್ನು ಬೆಳಕಿಗೆ ಹಿಡಿದು ಮೇಲ್ಭಾಗ ಓದಿ. ‘ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959’ ಎಂದಿದ್ದರೆ ಅದು ಸಹಕಾರ ಸಂಘ, ‘ಸೌಹಾರ್ದ ಸಹಕಾರಿ ಕಾಯ್ದೆ 1997’ ಎಂದಿದ್ದರೆ ಸೌಹಾರ್ದ. ಎರಡೂ ರಾಜ್ಯದ ಕಾನೂನುಗಳು. ‘ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆ 2002’ ಎಂದಿದ್ದರೆ ಕಚೇರಿ ನಿಮ್ಮ ಪೇಟೆಯಲ್ಲೇ ಇದ್ದರೂ ನಿಬಂಧಕರು ದೆಹಲಿಯಲ್ಲಿರುತ್ತಾರೆ. 2023ರ ತಿದ್ದುಪಡಿ ಅಂಥ ಸಂಘಗಳ ದೂರಿಗೆಂದೇ ಒಬ್ಬ ಸಹಕಾರ ಒಂಬುಡ್ಸ್‌ಮನ್ ಹುದ್ದೆ ತಂದಿದೆ. ರಸೀದಿಯಲ್ಲಿ ಕಾಯ್ದೆಯ ಹೆಸರೂ ಇಲ್ಲ, ನೋಂದಣಿ ಸಂಖ್ಯೆಯೂ ಇಲ್ಲ ಎಂದಾದರೆ ಅಲ್ಲಿ ಹಣ ಇಡಬೇಡಿ. ಪರಿಚಯದ ಹುಡುಗನೇ ಕೌಂಟರಿನಲ್ಲಿದ್ದರೂ ಇಡಬೇಡಿ.

ಬ್ಯಾಂಕಿಗೂ ಸಂಘಕ್ಕೂ ಇರುವ ದೊಡ್ಡ ವ್ಯತ್ಯಾಸ ವಿಮೆ. ವಾಣಿಜ್ಯ ಬ್ಯಾಂಕ್, ಪಟ್ಟಣ ಸಹಕಾರ ಬ್ಯಾಂಕ್, ಡಿಸಿಸಿ ಬ್ಯಾಂಕುಗಳ ಠೇವಣಿಗೆ ಅಸಲು-ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. 2020ರ ಫೆಬ್ರುವರಿಗೆ ಮುಂಚೆ ಇದು 1 ಲಕ್ಷ ಇತ್ತು. ಒಂದೇ ಬ್ಯಾಂಕಿನ ಸಾಗರ ಶಾಖೆಯಲ್ಲಿ ನಾಲ್ಕು, ತೀರ್ಥಹಳ್ಳಿ ಶಾಖೆಯಲ್ಲಿ ನಾಲ್ಕು ಲಕ್ಷ ಇಟ್ಟರೂ ಲೆಕ್ಕ ಒಂದೇ. ಮಿತಿ ಶಾಖೆಗಲ್ಲ, ಬ್ಯಾಂಕಿಗೆ. ಆರ್‌ಬಿಐ ನಿರ್ಬಂಧ ಹೇರಿದರೆ 90 ದಿನದೊಳಗೆ ವಿಮೆ ಹಣ ಕೊಡಬೇಕೆಂದು 2021ರ ತಿದ್ದುಪಡಿ ಹೇಳುತ್ತದೆ. ಈ ವಿಮೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕಿಲ್ಲ, ಪತ್ತಿನ ಸೌಹಾರ್ದಕ್ಕೂ ಇಲ್ಲ. ಬಾಗಿಲ ಮೇಲೆ ‘ಬ್ಯಾಂಕ್’ ಎಂದು ಬರೆಸಿಕೊಂಡ ಮಾತ್ರಕ್ಕೆ ವಿಮೆ ಬರುವುದಿಲ್ಲ. ಸದಸ್ಯರಲ್ಲದವರಿಂದ, ನಾಮಮಾತ್ರ ಸದಸ್ಯರಿಂದ ಠೇವಣಿ ಎತ್ತುವ ಸಂಘಗಳ ಬಗ್ಗೆ ಆರ್‌ಬಿಐ 2021ರ ನವೆಂಬರಿನಲ್ಲೇ ಎಚ್ಚರಿಸಿದೆ. ನಮ್ಮ ಊರಿನ ಸಂಘವನ್ನು ಅನುಮಾನಿಸಿ ಎಂದು ನಾನು ಹೇಳುತ್ತಿಲ್ಲ. ಬೆಳೆಸಾಲ, ಗೊಬ್ಬರ ಎಲ್ಲ ಅಲ್ಲಿಂದಲೇ ಬರಬೇಕು. ಮಗಳ ಮದುವೆಯ ಇಡೀ ಹಣ ಒಂದೇ ಕಡೆ ಬೇಡ, ಅಷ್ಟೇ.

ಸಂಘ ಠೇವಣಿ ವಾಪಸು ಕೊಡದಿದ್ದರೆ ಮೊದಲು ಲಿಖಿತ ಬೇಡಿಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಬೇಡಿಕೆಗೆ ಸಾಕ್ಷಿ ಇರುವುದಿಲ್ಲ. ನಂತರ 1959ರ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯಲ್ಲಿ ದಾವೆ ಹೂಡಬಹುದು. ಸಾಗರ, ಹೊಸನಗರದವರು ಸಾಗರ ಉಪವಿಭಾಗದ ಸಹಾಯಕ ನಿಬಂಧಕರ ಕಚೇರಿಯಲ್ಲಿ, ತೀರ್ಥಹಳ್ಳಿಯವರು ಶಿವಮೊಗ್ಗದಲ್ಲಿ ವಿಚಾರಿಸಿ. ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಸಹಕಾರ ಕಾಯ್ದೆಯ ದಾರಿ ಇದೆಯೆಂಬ ಕಾರಣಕ್ಕೆ ಗ್ರಾಹಕರ ದಾರಿ ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು. ಸಂಘದ ಲೆಕ್ಕಪರಿಶೋಧನಾ ವರದಿ ಬೇಕೇ? ಸಹಕಾರ ಸಂಘ ತಾನಾಗಿ ಮಾಹಿತಿ ಹಕ್ಕಿನ ಕೆಳಗೆ ಬರುವುದಿಲ್ಲವೆಂದು 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದೇ ತೀರ್ಪು, ನಿಬಂಧಕರು ಸಾರ್ವಜನಿಕ ಪ್ರಾಧಿಕಾರವೆಂದೂ ಕಾನೂನಿನಂತೆ ಅವರು ಪಡೆಯಬಹುದಾದ ಮಾಹಿತಿಯನ್ನು ಕೊಡಬೇಕೆಂದೂ ಹೇಳಿದೆ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ.

ಬ್ಯಾಂಕಿನ ಮೇಲಿನ ದೂರಾದರೆ ಮೊದಲು ಬ್ಯಾಂಕಿಗೇ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್, ಮಾಹಿತಿಗೆ 14448. ಅಂಚೆ ಕಚೇರಿಯ ಉಳಿತಾಯಕ್ಕೆ ಕೇಂದ್ರ ಸರ್ಕಾರವೇ ಹೊಣೆ. ನೌಕರ ಕರ್ತವ್ಯದಲ್ಲಿದ್ದು ಮಾಡಿದ ವಂಚನೆಗೆ ಅಂಚೆ ಇಲಾಖೆ ಉತ್ತರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹಳ್ಳಿಗರಿಗೆ ದೊಡ್ಡ ಆಸರೆ. ಏಜೆಂಟರ ಕೈಗೆ ಆರ್‌ಡಿ ಹಣ ಕೊಡುವವರು ಮಾತ್ರ ಪ್ರತಿ ಕಂತೂ ಪಾಸ್‌ಪುಸ್ತಕದಲ್ಲಿ ತಾರೀಖಿನ ಮುದ್ರೆಯೊಂದಿಗೆ ಏರಿದೆಯೇ ನೋಡಿಕೊಳ್ಳಬೇಕು.

ಇನ್ನು ಅಡಿಕೆ ಮಂಡಿ. ಅಡಿಕೆ ಮಾರಿ ಹಣವನ್ನು ಮಂಡಿಯಲ್ಲೇ ಬಡ್ಡಿಗೆ ಬಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದ ಬಾಕಿ ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆ ಅವಧಿ ಮುಗಿಯುವ ಮೊದಲೇ ಬಾಕಿ ಒಪ್ಪಿ ವ್ಯಾಪಾರಿ ಸಹಿ ಹಾಕಿದರೆ ಅಲ್ಲಿಂದ ಹೊಸ ಮೂರು ವರ್ಷ ಸಿಗುತ್ತದೆ. ವರ್ಷಕ್ಕೊಮ್ಮೆ ಸಹಿ ಕೇಳಲು ದಾಕ್ಷಿಣ್ಯ ಬೇಡ.

ಚೀಟಿಯೂ ಹೀಗೆಯೇ. 1982ರ ಚಿಟ್ ಫಂಡ್ ಕಾಯ್ದೆಯಂತೆ ರಾಜ್ಯದ ಪೂರ್ವಾನುಮತಿಯಿಲ್ಲದೆ ಚೀಟಿ ಶುರುಮಾಡುವಂತಿಲ್ಲ, ನಡೆಸುವವನ ಕಮಿಷನ್ ಶೇ 7 ದಾಟುವಂತಿಲ್ಲ. ತಿಂಗಳಿಗೆ ನೂರಕ್ಕೆ ಹತ್ತು ಕೊಡುತ್ತೇವೆನ್ನುವವರ ಬಗ್ಗೆ ಯೋಚಿಸುತ್ತ ಕೂರದೆ ಪೊಲೀಸ್ ಠಾಣೆಗೆ ದೂರು ಕೊಡಿ. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಕೇಂದ್ರದ್ದು, 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಕರ್ನಾಟಕದ್ದು. ಎರಡರಲ್ಲೂ ವಂಚಕನ ಆಸ್ತಿ ಜಪ್ತಿ ಮಾಡಿ ಹಂಚುವ ದಾರಿಯಿದೆ. ಬೇಗ ದೂರು ಕೊಟ್ಟಷ್ಟೂ ಜಪ್ತಿಗೆ ಆಸ್ತಿ ಉಳಿದಿರುತ್ತದೆ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗುವವರೇ ಹೆಚ್ಚು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ರಸೀದಿ, ಪಾಸ್‌ಪುಸ್ತಕ ಹಿಡಿದು ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.